ಬಗ್ಗಿ ನೋಡುವ ತೋಟ

ಜನವರಿಯಲ್ಲಿ ನಮ್ಮನೆ ತೋಟ ನೋಡಲು ಬನ್ನಿ ಎಂದರೆ ನ್ಯೂಜೆರ್ಸಿಯ ಕನ್ನಡದವರು ನಗುತ್ತಾರೆ. ಅವರ ತೋಟಗಳೆಲ್ಲ ಆಗ ಮನೆಯೊಳಗಿರುತ್ತವೆ. ಅಕ್ಟೋಬರ್ ಅರ್ಧ ಕಳೆಯುವುದರೊಳಗೆ ಕರಿಬೇವು, ತುಳಸಿ, ದೊಡ್ಡಪತ್ರೆ, ಯಾರೋ ಊರು ಬಿಡುವಾಗ ಕೊಟ್ಟುಹೋದ ದುಂಡುಮಲ್ಲಿಗೆ ಎಲ್ಲವೂ ಕುಂಡದ ಸಮೇತ ಒಳಗೆ ಬಂದು ದಕ್ಷಿಣದ ಕಿಟಕಿಯ ಬಳಿ ಠಿಕಾಣಿ ಹೂಡುತ್ತವೆ. ಉತ್ಥಾನ ದ್ವಾದಶಿಯ ತುಳಸಿ ಮದುವೆ ಸೋಫಾದ ಪಕ್ಕದಲ್ಲೇ ನಡೆಯುತ್ತದೆ. ಅಲ್ಲಿಂದ ಮಾರ್ಚ್ ಮುಗಿಯುವವರೆಗೆ ಫೋನಿನ ಕುಶಲೋಪರಿಯಲ್ಲಿ ಮಕ್ಕಳ ಓದಿಗೆ ಎಷ್ಟು ಪಾಲೋ ಕರಿಬೇವಿನ ಕಾಯಿಲೆಗೂ ಅಷ್ಟೇ ಪಾಲು. ಎಲೆ ಉದುರಿತಂತೆ, ಕಾಂಡಕ್ಕೆ ಕಂದು ಹುಳ ಅಂಟಿದೆಯಂತೆ, ಹೀಟರಿನ ಗಾಳಿ ತಾಗಿತೋ ಏನೋ. ಹೊರಗಿನ ಮಾತು ಯಾರೂ ಎತ್ತುವುದಿಲ್ಲ. ಏಪ್ರಿಲ್‌ವರೆಗೆ ಹೊರಗೆ ಏನೂ ಇಲ್ಲ ಎಂದು ಎಲ್ಲರೂ ಸೇರಿ ತೀರ್ಮಾನಿಸಿ ಬಾಗಿಲು ಹಾಕಿಕೊಂಡಿದ್ದೇವೆ.

ಈ ತೀರ್ಮಾನಕ್ಕೆ ನನ್ನ ತಕರಾರಿದೆ. ಹೊರಗೆ ಹಸಿರಿದೆ. ಕಣ್ಣಿನ ಮಟ್ಟದಲ್ಲಿಲ್ಲ, ಅಷ್ಟೆ. ಪಾದದ ಹತ್ತಿರ, ನಾಲ್ಕು ಬೆರಳು ಎತ್ತರದಲ್ಲಿ, ಕೆಲವೊಮ್ಮೆ ಓಕ್ ಮರದ ಒಣಗಿದೆಲೆಯ ಅಡಿಯಲ್ಲಿ ಇದೆ. ನೋಡಬೇಕೆಂದರೆ ಸೊಂಟ ಬಗ್ಗಿಸಬೇಕು. ಐವತ್ತು ದಾಟಿದವರಿಗೆ ಜನವರಿಯ ಚಳಿಯಲ್ಲಿ ಸೊಂಟ ಬಗ್ಗಿಸುವುದು ಸಣ್ಣ ಮಾತಲ್ಲ ಎಂಬುದನ್ನೂ ಒಪ್ಪುತ್ತೇನೆ.

ನಾವಿರುವುದು ರಾಜ್ಯದ ನಡುಭಾಗದಲ್ಲಿ, ಡೆಲವೇರ್ ನದಿಗೆ ಹತ್ತಿರದ ಕಡೆ. ಎಡಿಸನ್ನಿನ ಓಕ್ ಟ್ರೀ ರೋಡಿಗೆ ಹೋಗಿ ಬದನೆಕಾಯಿ, ನುಗ್ಗೆಕಾಯಿ ತರುವಷ್ಟು ಹತ್ತಿರ, ದಿನಾ ಹೋಗಲಾರದಷ್ಟು ದೂರ. ಅಮೆರಿಕದ ಕೃಷಿ ಇಲಾಖೆ 2023ರಲ್ಲಿ ಪರಿಷ್ಕರಿಸಿದ ಚಳಿ ನಕ್ಷೆಯಲ್ಲಿ ನಮ್ಮ ಜಾಗ 7ಎ ವಲಯಕ್ಕೆ ಬರುತ್ತದೆ. ಅಂದರೆ ವರ್ಷದ ಅತಿ ಚಳಿಯ ರಾತ್ರಿ ಸರಾಸರಿಯಲ್ಲಿ ಸೊನ್ನೆಗಿಂತ 15ರಿಂದ 18 ಡಿಗ್ರಿ ಸೆಲ್ಸಿಯಸ್ ಕೆಳಗೆ. ಮಣ್ಣು ಗಟ್ಟಿಯಾಗಿ ಗುದ್ದಲಿ ಠಣ್ ಎನ್ನುತ್ತದೆ. ಡಿಸೆಂಬರಿನಲ್ಲಿ ಹಗಲು ಒಂಬತ್ತು ಗಂಟೆಗಿಂತ ತುಸು ಹೆಚ್ಚು. ಸಂಜೆ ಕಾಫಿ ಮುಗಿಯುವ ಮುಂಚೆ ಕತ್ತಲು.

ಮಲೆನಾಡಿನ ಸಾಗರದ ಕಡೆ ಹುಟ್ಟಿ ಬೆಳೆದ ನನಗೆ ನೆಲ ಬೋಳಾಗುವುದು ಹೊಸದಲ್ಲ. ನಮ್ಮಲ್ಲಿ ಅದು ಏಪ್ರಿಲ್ ಬಿಸಿಲಿನ ಕೆಲಸ. ಅಂಗಳದ ಅಂಚಿನ ಒಂದೆಲಗ ಸುರುಟಿ, ಗದ್ದೆ ಬಿರುಕು ಬಿಟ್ಟು, ಬೆಟ್ಟದ ಹುಲ್ಲು ಬೆಳ್ಳಗಾಗಿರುತ್ತದೆ. ಆದರೆ ತಲೆಯೆತ್ತಿದರೆ ಮಾವು, ಹಲಸು, ಅಡಿಕೆ ತೋಟ ಎಲ್ಲ ಹಸಿರೇ. ಇಲ್ಲಿ ಉಲ್ಟಾ. ತಲೆಯೆತ್ತಿದರೆ ಬರೀ ಕೊಂಬೆ, ಬೂದು ಆಕಾಶ. ಹಸಿರು ಬೇಕಾದರೆ ಕೆಳಗೆ ನೋಡಬೇಕು. ಈ ಉಲ್ಟಾಪಲ್ಟಾಕ್ಕೆ ಒಂದು ಸರಳ ಲೆಕ್ಕವಿದೆ. ಇಲ್ಲಿನ ಕಾಡಿನಲ್ಲಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಓಕ್, ಮೇಪಲ್, ಬೀಚ್ ಮರಗಳು ಬಿಸಿಲನ್ನೆಲ್ಲ ಮೇಲೆಯೇ ಕಬಳಿಸುತ್ತವೆ. ನೆಲದ ಮೇಲಿನ ಸಣ್ಣ ಗಿಡಕ್ಕೆ ಸಿಗುವುದು ಸೋರಿ ಬಿದ್ದ ಚೂರುಪಾರು. ನವೆಂಬರಿನಲ್ಲಿ ಮೇಲಿನ ಚಪ್ಪರ ಕಳಚಿತೆಂದರೆ ಬೆಳಕು ನೇರ ನೆಲಕ್ಕೆ. ಆ ಹೊತ್ತಿಗೆ ಎಲೆ ಇಟ್ಟುಕೊಂಡಿರುವ ಗಿಡಕ್ಕೆ, ಮಂಜು ಬಿಟ್ಟುಕೊಟ್ಟ ಬೆಚ್ಚನೆಯ ಮಧ್ಯಾಹ್ನಗಳಲ್ಲಿ, ಯಾರ ಪೈಪೋಟಿಯೂ ಇಲ್ಲದೆ ಒಂದಿಷ್ಟು ಸಂಪಾದನೆ. ಮಾರ್ಚಿನಲ್ಲೂ ಹಾಗೆಯೇ, ಮರಗಳು ಚಿಗುರುವ ಮುಂಚೆ. ಚಳಿಗಾಲದ ಹಸಿರು ಶೋಕಿಗಾಗಿ ಇರುವುದಲ್ಲ, ಹೊಟ್ಟೆಪಾಡಿಗಾಗಿ ಇರುವುದು.

ನಾವು ಮನೆ ಕೊಂಡಾಗ ಹಿತ್ತಿಲ ಓಕ್ ಮರಗಳ ಕೆಳಗೆ ಚಳಿಗಾಲದಲ್ಲೂ ಹಸಿರು ಧಾರಾಳವಾಗಿತ್ತು. ಹಿಂದಿನವರು ಯಾವ ಕಾಲದಲ್ಲೋ ನೆಟ್ಟ ಇಂಗ್ಲಿಷ್ ಐವಿ. ಯುರೋಪಿನಿಂದ ವಸಾಹತಿನವರ ಜೊತೆ ಬಂದ ಬಳ್ಳಿ. ನೆಲದಲ್ಲಿ ಹರಿಯುವಷ್ಟು ಕಾಲ ಅದು ಹೂ ಬಿಡುವುದಿಲ್ಲ. ಮರ ಹತ್ತಿ ಬೆಳಕು ಕಂಡ ಮೇಲೆ ಹೂವು, ಕಪ್ಪು ಹಣ್ಣು. ಹಣ್ಣನ್ನು ಹಕ್ಕಿಗಳು ತಿಂದು ಕಾಡಿಗೆ ಒಯ್ಯುತ್ತವೆ. ಇದರ ಜೊತೆಗೆ ಜಪಾನಿನ ಪ್ಯಾಕಿಸಾಂಡ್ರ, ಯುರೋಪಿನ ವಿಂಕಾ, ಪೂರ್ವ ಏಷ್ಯಾದ ವಿಂಟರ್‌ಕ್ರೀಪರ್. ಅಮೆರಿಕದ ಉಪನಗರಗಳ ಚಳಿಗಾಲದ ಹಸಿರೆಂದರೆ ಬಹುಪಾಲು ಈ ನಾಲ್ವರು ಪಾಲುದಾರರ ವ್ಯಾಪಾರ. ನರ್ಸರಿಯವರು ಇವನ್ನು ಇಷ್ಟಪಡುವುದಕ್ಕೆ ಕಾರಣ ಒಂದೇ: ಬೇಗ ಹರಡುತ್ತವೆ. ಕೊಳ್ಳುವವರಿಗೂ ಅದೇ ಬೇಕು. ಆಮೇಲೆ ಬಿಡಿಸಲು ಕೂತಾಗ ಅದೇ ಬೇಡವಾಗುತ್ತದೆ.

ಐವಿ ಕೀಳುವ ಕೆಲಸವನ್ನು ನಾನು ಚಳಿಗಾಲಕ್ಕೇ ಇಟ್ಟುಕೊಂಡಿದ್ದೆ, ನೆಲ ಹೆಪ್ಪುಗಟ್ಟದ ದಿನಗಳಲ್ಲಿ. ಮಿಕ್ಕೆಲ್ಲ ಗಿಡಗಳು ಎಲೆ ಉದುರಿಸಿರುವಾಗ ಐವಿ ಎಲ್ಲಿದೆ ಎಂದು ಸ್ಪಷ್ಟವಾಗಿ ಕಾಣುತ್ತದೆ. ಅಪಾಯ ಒಂದೇ. ಅದರ ನಡುವೆ ನುಸುಳಿರುವ ಪಾಯ್ಸನ್ ಐವಿ ಆಗ ಎಲೆಯಿಲ್ಲದೆ ಬರೀ ಕಡ್ಡಿಯಾಗಿರುತ್ತದೆ. ಹೆಸರಿನಲ್ಲಿ ಐವಿಯಾದರೂ ಇದು ಇಲ್ಲಿಯದೇ ಗಿಡ, ನಮ್ಮ ಮಾವು, ಗೋಡಂಬಿ, ಕೇರುಮರಗಳ ಕುಟುಂಬದ್ದು. ಕೇರಿನ ಸೊನೆ ತಾಗಿ ಮುಖ ಊದಿಸಿಕೊಂಡವರನ್ನು ಚಿಕ್ಕಂದಿನಲ್ಲಿ ನೋಡಿದ್ದ ನನಗೆ ಈ ಕಡ್ಡಿಗೂ ಎಣ್ಣೆಯಿದೆ ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಮೊಣಕೈವರೆಗಿನ ಗ್ಲೌಸ್, ಹಳೆ ಜಾಕೆಟ್.

‘ನೀವೇ ಹೊರಗಿನಿಂದ ಬಂದೋರು, ಹೊರಗಿನ ಬಳ್ಳಿ ಕೀಳೋಕೆ ಹೊರಟಿದೀರಲ್ಲ’ ಎಂದು ಗೆಳತಿಯೊಬ್ಬಳು ಕೊಂಕು ತೆಗೆದಳು. ಮಾತು ಚುರುಕಾಗಿದೆ, ಒಪ್ಪಿದೆ. ಆದರೆ ಈ ಲೆಕ್ಕಕ್ಕೆ ಎರಡು ಕಡೆಯಿದೆ. ನಮ್ಮ ಮಲೆನಾಡಿನ ಬೆಟ್ಟಗಳನ್ನು ಮುಚ್ಚಿದ ಲಂಟಾನ, ಯುಪಟೋರಿಯಂ, ಬಯಲುಸೀಮೆಯ ಕಾಂಗ್ರೆಸ್ ಗಿಡ, ಮೂರೂ ಅಮೆರಿಕ ಖಂಡಗಳಿಂದ ಬಂದವು. ಊರಿನಲ್ಲಿ ಕಾಂಗ್ರೆಸ್ ಗಿಡ ಕಿತ್ತು ಕಿತ್ತು ಕೈ ತುರಿಸಿಕೊಂಡವರ ಮನೆಯವಳು ನಾನು. ಇಲ್ಲಿ ಐವಿ ಕೀಳಲು ನನಗೆ ವೀಸಾ ಬೇಕಿಲ್ಲ.

ಕಿತ್ತ ಜಾಗಕ್ಕೆ ಏನು ಎಂಬುದು ನಿಜವಾದ ಪ್ರಶ್ನೆ. ಮೊದಲು ಬಂದದ್ದು ಕ್ರಿಸ್‌ಮಸ್ ಫರ್ನ್. ಇಲ್ಲಿನ ಕಾಡಿನ ಇಳಿಜಾರುಗಳಲ್ಲಿ ಇದು ಸಾಮಾನ್ಯ ಜರೀಗಿಡ. ಕ್ರಿಸ್‌ಮಸ್ ಹೊತ್ತಿಗೂ ಹಸಿರಾಗಿರುತ್ತದೆಂದು ಆ ಹೆಸರು. ಪ್ರತಿ ಕಿರುಎಲೆಯ ಬುಡದಲ್ಲಿ ಒಂದು ಪುಟ್ಟ ಕಿವಿ ಎದ್ದಿರುವುದರಿಂದ, ಸಾಂಟಾ ಕ್ಲಾಸನಿಗೆ ತೂಗುಹಾಕುವ ಕಾಲುಚೀಲದ ಆಕಾರ ಕಾಣುತ್ತದೆಂದು ಹೇಳಿ ಮಕ್ಕಳಿಗೆ ಗುರುತು ಹಿಡಿಸುತ್ತಾರೆ. ಬೇಸಿಗೆಯಲ್ಲಿ ಕಮಾನಾಗಿ ನಿಲ್ಲುವ ಇದರ ಗರಿಗಳು ಮೊದಲ ಬಿರುಸು ಮಂಜಿಗೆ ಬುಡದಲ್ಲಿ ಮಡಿಸಿಕೊಂಡು ಸುತ್ತಲೂ ನೆಲಕ್ಕೆ ಒರಗುತ್ತವೆ. ಸತ್ತಿತೆಂದು ಹೊಸಬರು ಕತ್ತರಿ ತರುತ್ತಾರೆ. ಸತ್ತಿಲ್ಲ. ಗಾಳಿಯಲ್ಲಿ ನಿಂತ ಎಲೆಗಿಂತ ನೆಲಕ್ಕಂಟಿದ ಎಲೆಗೆ ಚಳಿ ಕಡಿಮೆ, ಒಣಗುವುದೂ ಕಡಿಮೆ. ಮೇಲೆ ಹಿಮ ಬಿದ್ದರೆ ಇನ್ನೂ ಒಳ್ಳೆಯದು. ಹೊರಗೆ ಮೈನಸ್ 15 ಇದ್ದರೂ ದಪ್ಪ ಹಿಮದ ಅಡಿಯಲ್ಲಿ ನೆಲದ ಮಟ್ಟ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಹಿಮವಿಲ್ಲದ, ಬಿಸಿಲೂ ಗಾಳಿಯೂ ಸೇರಿದ ಚಳಿಯೇ ಈ ಗಿಡಗಳ ವೈರಿ. ಬೇರಿನ ಸುತ್ತ ನೀರು ಗಟ್ಟಿಯಾಗಿರುತ್ತದೆ, ಎಲೆಯಿಂದ ಮಾತ್ರ ತೇವ ಹೋಗುತ್ತಲೇ ಇರುತ್ತದೆ. ಚಳಿಗಾಲದಲ್ಲಿ ಗಿಡ ಸಾಯುವುದು ಬಹಳ ಸಲ ಬಾಯಾರಿಕೆಯಿಂದ.

ಹಳೆಯ ಗರಿಗಳು ಹೊಸ ಚಿಗುರು ಬರುವವರೆಗೆ ಹಸಿರಾಗಿಯೇ ಉಳಿದು ಆಮೇಲೆ ಜಾಗ ಬಿಡುತ್ತವೆ. ಏಪ್ರಿಲ್‌ನಲ್ಲಿ ಬೆಳ್ಳಿಬಣ್ಣದ ಹೊಟ್ಟು ಹೊದ್ದ ಸುರುಳಿಗಳು ಏಳುತ್ತವೆ. ಕೊಡಗಿನ ಗೆಳತಿಯೊಬ್ಬಳು ಅವನ್ನು ನೋಡಿ ‘ತೆರ್ಮೆ!’ ಎಂದು ಕೂಗಿ ಸೀದಾ ಒಗ್ಗರಣೆಯ ಮಾತಿಗೆ ಹೋದಳು. ತಡೆದೆ. ನಮ್ಮೂರ ಹೊಳೆಯಂಚಿನ ತಿನ್ನುವ ಜರಿ ಬೇರೆ, ಇದು ಬೇರೆ. ಇಲ್ಲಿ ತಿನ್ನುವುದು ಆಸ್ಟ್ರಿಚ್ ಫರ್ನ್ ಎಂಬ ಇನ್ನೊಂದರ ಸುರುಳಿ, ಅದೂ ಚೆನ್ನಾಗಿ ಬೇಯಿಸಿ. ಅವಳಿಗೆ ನನ್ನ ತೋಟದ ಮೇಲಿದ್ದ ಗೌರವ ಅಲ್ಲಿಗೇ ಅರ್ಧವಾಯಿತು. ತಿನ್ನಲಾಗದ ಗಿಡಕ್ಕೆ ಇಷ್ಟು ಆರೈಕೆ ಮಾಡುವುದು ನಮ್ಮ ಕಡೆಯವರಿಗೆ ಎಂದೂ ಪೂರ್ತಿ ಅರ್ಥವಾಗುವುದಿಲ್ಲ.

ಜರಿ ಗುಂಪಾಗಿ ಬೆಳೆಯುತ್ತದೆ, ಹರಡುವುದಿಲ್ಲ. ನಡುವಿನ ನೆಲ ಮುಚ್ಚಲು ಬೇಕಾದದ್ದು ಗೋಲ್ಡನ್ ರಾಗ್‌ವರ್ಟ್. ಇಲ್ಲಿನ ಒದ್ದೆ ಕಾಡು, ತೋಡಿನ ಅಂಚುಗಳ ಗಿಡ. ಅಂಗೈಗಿಂತ ಚಿಕ್ಕ, ಗುಂಡನೆಯ, ಹಲ್ಲುಹಲ್ಲಿನ ಎಲೆ. ಅಡಿ ತಿರುಗಿಸಿದರೆ ನೇರಳೆ. ಏಪ್ರಿಲ್ ಮೇಯಲ್ಲಿ ಹಳದಿ ಹೂ. ಬೇರಿನಿಂದಲೂ ಹರಡುತ್ತದೆ, ಬೀಜದಿಂದಲೂ ಹರಡುತ್ತದೆ. ಐವಿ ಕೊಟ್ಟ ದಟ್ಟ ಹಸಿರನ್ನು ಸ್ಥಳೀಯವಾಗಿಯೇ ಕೊಡಬಲ್ಲ ಗಿಡ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಇದಕ್ಕಿರುವ ಇನ್ನೊಂದು ಗುಣವನ್ನು ನ್ಯೂಜೆರ್ಸಿಯಲ್ಲಿ ಮನೆ ಮಾಡಿದವರೇ ಬಲ್ಲರು: ಜಿಂಕೆ ಮುಟ್ಟುವುದಿಲ್ಲ. ಎಲೆಯಲ್ಲಿ ವಿಷದ ಅಂಶವಿದೆ.

ಜಿಂಕೆಯ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ಬಿಳಿಬಾಲದ ಜಿಂಕೆ ನೋಡಿ ನಮ್ಮೂರಿಂದ ಬಂದವರೆಲ್ಲ ಮೊಬೈಲ್ ಹಿಡಿದು ಕಿಟಕಿಗೆ ಓಡುತ್ತಾರೆ. ನನಗೆ ಮಲೆನಾಡಿನ ರೈತರಿಗೆ ಮಂಗನ ಮೇಲಿರುವ ಪ್ರೀತಿಯೇ ಇದರ ಮೇಲೆ. ಫೆಬ್ರವರಿಯಲ್ಲಿ ಕಾಡಿನಲ್ಲಿ ಮೇವು ಮುಗಿದಾಗ ಊರೊಳಗೆ ಹಸಿರಾಗಿ ಉಳಿದದ್ದೆಲ್ಲ ಅದಕ್ಕೆ ಎಡೆಯಿಟ್ಟದ್ದು. ಚಳಿಗಾಲದ ತೋಟಕ್ಕೆ ಗಿಡ ಆರಿಸುವಾಗ ಬಣ್ಣ, ಎತ್ತರ ಎಲ್ಲ ಆಮೇಲೆ. ಮೊದಲ ಪರೀಕ್ಷೆ ಜಿಂಕೆಯದು. ಜರಿ, ರಾಗ್‌ವರ್ಟ್ ಎರಡೂ ಪಾಸು.

ಈಗ ನನ್ನ ಮುದ್ದಿನ ಗಿಡಕ್ಕೆ ಬರುತ್ತೇನೆ. ಪಾರ್ಟ್ರಿಜ್‌ಬೆರಿ. ನೆಲಕ್ಕೆ ಅಂಟಿಕೊಂಡು ಹರಿಯುವ ಬಳ್ಳಿ, ಎತ್ತರ ಎರಡು ಬೆರಳೂ ಇಲ್ಲ. ಎದುರುಬದುರಾಗಿ ಜೋಡಿಸಿಟ್ಟ ಪುಟ್ಟ ಕಡುಹಸಿರು ಎಲೆ, ನಡುವೆ ಮಾಸಲು ಬಿಳಿಯ ಗೆರೆ. ಎಲೆ ಕೂತಿರುವ ಕ್ರಮ ನೋಡಿದಾಗಲೇ ಎಲ್ಲೋ ಕಂಡಂತಿದೆಯಲ್ಲ ಎನ್ನಿಸಿತ್ತು. ಕಂಡದ್ದೇ. ಇದು ಕಾಫಿಯ ಕುಟುಂಬ. ಚಿಕ್ಕಮಗಳೂರಿನ ಕಾಫಿ, ನಮ್ಮ ಬೇಲಿಯ ಕೆಂಪು ಕೇಪಳ, ನ್ಯೂಜೆರ್ಸಿಯ ಹಿಮದಡಿಯ ಈ ಬಳ್ಳಿ, ಮೂವರೂ ದಾಯಾದಿಗಳು. ಉಷ್ಣವಲಯದಲ್ಲಿ ಸಾವಿರಾರು ಪ್ರಭೇದಗಳಾಗಿ ಹರಡಿರುವ ಕುಟುಂಬದ ಒಂದು ಕವಲು ಇಲ್ಲಿಗೆ ಬಂದು ಮೈನಸ್ ಹದಿನೈದರಲ್ಲಿ ಎಲೆ ಉದುರಿಸದೆ ಬದುಕುವುದನ್ನು ಕಲಿತಿದೆ. ನನ್ನ ಕಿಟಕಿಯ ಕರಿಬೇವಿಗೆ ಈ ಕತೆಯನ್ನು ಹೇಳಿ ನೋಡಿದೆ, ಏನೂ ಪರಿಣಾಮವಾಗಲಿಲ್ಲ.

ಜೂನ್ ತಿಂಗಳಲ್ಲಿ ಇದರ ಹೂ ಜೋಡಿಯಾಗಿ ಅರಳುತ್ತದೆ. ಬಿಳಿ, ಒಳಗೆಲ್ಲ ನವಿರು ರೋಮ, ಬಗ್ಗಿದರೆ ಪರಿಮಳ. ಎರಡು ಹೂವಿನ ಅಂಡಾಶಯಗಳು ಬುಡದಲ್ಲಿ ಕೂಡಿಕೊಂಡಿರುವುದರಿಂದ ಎರಡು ಹೂವು ಸೇರಿ ಒಂದು ಹಣ್ಣು. ಕೆಂಪು ಹಣ್ಣಿನ ಮೇಲೆ ಎರಡು ಗುಳಿ ಇರುತ್ತವೆ, ಎರಡು ಹೂ ಇದ್ದ ಗುರುತು. ಹಣ್ಣು ಚಳಿಗಾಲವಿಡೀ ಉಳಿಯುತ್ತದೆ. ತಿನ್ನಬಹುದು. ರುಚಿ ಹುಡುಕಬೇಡಿ. ಕಾಡುಕೋಳಿಗಳ ಪಾಲಿಗೆ ಬಿಟ್ಟುಬಿಡುವುದು ವಾಸಿ.

ಈ ಹೂವಿಗೆ ಇನ್ನೊಂದು ಬಿಗುಮಾನವಿದೆ. ಕೆಲವು ಗಿಡಗಳ ಹೂವಿನಲ್ಲಿ ಶಲಾಕೆ ಉದ್ದ, ಕೇಸರ ಗಿಡ್ಡ, ಕೆಲವುಗಳಲ್ಲಿ ತಿರುಗಾಮುರುಗಾ. ಒಂದು ಬಗೆಯ ಹೂವಿನ ಪರಾಗ ಇನ್ನೊಂದು ಬಗೆಗೇ ಹೋಗಬೇಕು, ಇಲ್ಲವಾದರೆ ಹಣ್ಣಿಲ್ಲ. ಡಾರ್ವಿನ್ 1877ರಲ್ಲಿ ಇಂಥ ಹೂಗಳ ಮೇಲೆ ಬರೆದ ಪುಸ್ತಕದಲ್ಲಿ ಈ ಬಳ್ಳಿಯೂ ಇದೆ. ಹಾರ್ವರ್ಡಿನ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಅವನಿಗೆ ಜೀವಂತ ಗಿಡಗಳನ್ನೇ ಅಟ್ಲಾಂಟಿಕ್ ದಾಟಿಸಿ ಕಳಿಸಿದ್ದರು. ಈ ಬಿಗುಮಾನದಿಂದಾಗಿ ನರ್ಸರಿಯಲ್ಲಿ ಒಂದೇ ತಾಯಿಗಿಡದ ತುಂಡುಗಳಿಂದ ಬೆಳೆಸಿದ ಕುಂಡಗಳನ್ನು ಎಷ್ಟು ತಂದರೂ ಜಾತಕ ಕೂಡುವುದಿಲ್ಲ. ಬೀಜದಿಂದ ಬೆಳೆಸಿದವು, ಅಥವಾ ಬೇರೆ ಬೇರೆ ಕಡೆಯವು, ಮೂರೋ ನಾಲ್ಕೋ ತಂದು ಒಟ್ಟಿಗೆ ಬಿಡಬೇಕು. ಸಸ್ಯಶಾಸ್ತ್ರಜ್ಞ ಲಿನ್ನೇಯಸ್ 1753ರಲ್ಲಿ ಈ ಬಳ್ಳಿಗೆ ಕೊಟ್ಟ ಶಾಸ್ತ್ರೀಯ ಹೆಸರು ವರ್ಜೀನಿಯಾದ ವೈದ್ಯ ಜಾನ್ ಮಿಚೆಲ್‌ನದು. ಅವನು 1755ರಲ್ಲಿ ಬರೆದ ಉತ್ತರ ಅಮೆರಿಕದ ಭೂಪಟವನ್ನೇ ಮುಂದೆ 1783ರ ಪ್ಯಾರಿಸ್ ಒಪ್ಪಂದದಲ್ಲಿ ಗಡಿ ಗುರುತಿಸಲು ಬಳಸಿದರು. ದೇಶಕ್ಕೆ ಗಡಿ ಎಳೆದವನ ಹೆಸರಿನ ಬಳ್ಳಿ ನನ್ನ ಹಿತ್ತಿಲಲ್ಲಿ ವರ್ಷಕ್ಕೆ ಒಂದು ಗೇಣು ಮುಂದೆ ಹೋಗುವುದಕ್ಕೂ ಯೋಚಿಸುತ್ತದೆ.

ಇನ್ನೊಂದು ನಿಧಾನಸ್ಥ ಟೀಬೆರಿ, ವಿಂಟರ್‌ಗ್ರೀನ್ ಎಂದೂ ಕರೆಯುತ್ತಾರೆ. ನ್ಯೂಜೆರ್ಸಿಯ ದಕ್ಷಿಣದಲ್ಲಿ ಪೈನ್ ಬ್ಯಾರನ್ಸ್ ಎಂಬ ದೊಡ್ಡ ಕಾಡಿದೆ. ಮರಳು ನೆಲ, ಹುಳಿ ಮಣ್ಣು, ಪೈನ್ ಮರ, ಬ್ಲೂಬೆರಿ ಪೊದೆ. ಅಲ್ಲಿನ ನೆಲದಲ್ಲಿ ಇದು ತಾನಾಗಿ ಹಬ್ಬಿರುತ್ತದೆ. ದಪ್ಪ ಹೊಳಪಿನ ಎಲೆ ಚಳಿಗೆ ತಾಮ್ರಗೆಂಪಾಗುತ್ತದೆ. ಆ ಕೆಂಪು ಎಲೆಯ ರಕ್ಷಣೆಗೆ. ಚಳಿಯಲ್ಲಿ ಎಲೆ ಬಳಸಲಾರದಷ್ಟು ಬಿಸಿಲು ಬಿದ್ದರೆ ಹಾನಿಯಾಗುತ್ತದೆ, ಕೆಂಪು ವರ್ಣದ್ರವ್ಯ ಅದನ್ನು ತಡೆಯುತ್ತದೆ. ನನ್ನ ಮಟ್ಟಿಗೆ ಇದರ ಮಹಿಮೆ ಬಣ್ಣದ್ದಲ್ಲ, ವಾಸನೆಯದು. ಎಲೆ ಹರಿದು ಮೂಗಿಗೆ ಹಿಡಿದಾಗ ಅಮ್ಮನ ಮಂಡಿನೋವು ನೆನಪಾಯಿತು. ನೋವಿನ ಮುಲಾಮಿನ ಅದೇ ಘಾಟು! ಇದರಲ್ಲಿರುವುದು ಮೀಥೈಲ್ ಸ್ಯಾಲಿಸಿಲೇಟ್. ನಮ್ಮ ಮುಲಾಮಿನ ಡಬ್ಬಿಗಳ ಮೇಲೆ ಗಂಧಪುರ ತೈಲ ಎಂದು ಅಚ್ಚಾಗಿರುವುದೂ ಇದೇ ಕುಲದ ಇನ್ನೊಂದು ಪೊದೆಯ ಎಣ್ಣೆ. ಆ ಪೊದೆ ನೀಲಗಿರಿಯ ಎತ್ತರದಲ್ಲಿ ಬೆಳೆಯುತ್ತದೆ, ಊಟಿಯ ಅಂಗಡಿಗಳಲ್ಲಿ ಎಣ್ಣೆಯ ಸೀಸೆ ಸಿಗುತ್ತದೆ. ಈ ಕುಲಕ್ಕೆ ಹೆಸರು ಕೊಟ್ಟವನು ಪೇರ್ ಕಾಲ್ಮ್, ಲಿನ್ನೇಯಸ್‌ನ ಶಿಷ್ಯ. ಕ್ವಿಬೆಕ್ಕಿನ ವೈದ್ಯನೊಬ್ಬನ ನೆನಪಿಗೆ ಇಟ್ಟ ಹೆಸರು. ಕಾಲ್ಮ್ 1748ರಲ್ಲಿ ಬಂದು ಚಳಿಗಾಲ ಕಳೆದದ್ದು ನ್ಯೂಜೆರ್ಸಿಯಲ್ಲೇ, ಆಗ ರಕೂನ್ ಎನ್ನುತ್ತಿದ್ದ, ಈಗ ಸ್ವೀಡ್ಸ್‌ಬರೋ ಎನ್ನುವ ಊರಿನಲ್ಲಿ. ಅಮ್ಮ ಬಂದಾಗ ಎಲೆ ಮೂಸಲು ಕೊಟ್ಟೆ. ‘ಇದ್ನ ಇಟ್ಕಂಡು ಇಷ್ಟು ದಿನ ನಂಗೆ ಡಬ್ಬಿ ತರ್ಸಿದ್ಯಾ?’ ಎಂದಳು.

ನಮ್ಮ ಮಣ್ಣು ಟೀಬೆರಿ ಬಯಸುವಷ್ಟು ಹುಳಿಯಲ್ಲ. ಓಕ್ ಮತ್ತು ಪೈನ್ ಎಲೆಯ ಗೊಬ್ಬರ ಹಾಕಿ ಬ್ಲೂಬೆರಿ ಪೊದೆಯ ಬುಡದಲ್ಲಿ ಕೂರಿಸಿದ್ದೇನೆ. ಇದೆ. ಇದೆ ಎನ್ನುವುದಕ್ಕಿಂತ ಹೆಚ್ಚು ಹೇಳಲಾರೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಬಿಸಿಲಿನ ಕಲ್ಲುಕಟ್ಟೆಗೆ ಮಾಸ್ ಫ್ಲಾಕ್ಸ್. ಚಳಿಗಾಲದಲ್ಲಿ ಸೂಜಿ ಎಲೆಯ ಹಸಿರು, ಏಪ್ರಿಲ್‌ನಲ್ಲಿ ಎಲೆ ಕಾಣದಷ್ಟು ಗುಲಾಬಿ ಹೂ, ಸ್ವಲ್ಪ ಜಾಸ್ತಿಯೇ ಆಡಂಬರ. ನೆರಳಿಗೆ ಫೋಮ್‌ಫ್ಲವರ್, ಆಲಂರೂಟ್. ಮರಳಿದ್ದವರಿಗೆ ಬೇರ್‌ಬೆರಿ. ದಕ್ಷಿಣದ ಅಪಲಾಚಿಯನ್ ಬೆಟ್ಟಗಳಲ್ಲಿ ಗೇಲ್ಯಾಕ್ಸ್ ಎಂಬ ಗಿಡವಿದೆ, ಚಳಿಗಾಲದಲ್ಲಿ ವೀಳ್ಯದೆಲೆಯಗಲದ ಎಲೆಗಳು ಕಡುಗೆಂಪಾಗುತ್ತವೆ. ವರ್ಜೀನಿಯಾದಲ್ಲಿ ಅದರ ಹೆಸರಿನ ಊರೇ ಇದೆ. ಹೂಗುಚ್ಛದ ವ್ಯಾಪಾರಕ್ಕಾಗಿ ಆ ಎಲೆಗಳನ್ನು ರಾಷ್ಟ್ರೀಯ ಉದ್ಯಾನದ ಜಾಗಗಳಿಂದ ಕದ್ದು ಸಾಗಿಸುವವರೂ ಇದ್ದಾರೆ. ಅಲ್ಲಿಯದೇ ಇನ್ನೊಂದು ಅಲಿಗೆನಿ ಸ್ಪರ್ಜ್, ಜಪಾನಿನ ಪ್ಯಾಕಿಸಾಂಡ್ರದ ಅಮೆರಿಕದ ತಂಗಿ. ಅಕ್ಕನಷ್ಟು ಹೊಳಪಿಲ್ಲ. ಆದರೆ ಚಳಿಗೆ ಎಲೆಯ ಮೇಲೆ ಬೂದು ಹಸಿರಿನ ಚಿತ್ತಾರ ಮೂಡುತ್ತದೆ, ನನಗೆ ಅದು ಹೊಳಪಿಗಿಂತ ಮೇಲು. ಇವೆರಡೂ ನ್ಯೂಜೆರ್ಸಿಯ ಮೂಲದವಲ್ಲ ಎಂದು ಕಟ್ಟಾ ಸ್ಥಳೀಯವಾದಿಗಳು ಮೂಗು ಮುರಿಯುತ್ತಾರೆ. ಮೂರು ರಾಜ್ಯ ಆಚೆಯಿಂದ ಬಂದ ಗಿಡವನ್ನು ಹೊರಗಿನದು ಎನ್ನುವ ಧೈರ್ಯ ನನಗಂತೂ ಇಲ್ಲ.

ಎಲ್ಲಕ್ಕಿಂತ ಕಷ್ಟದ ವಿಷಯ ಗಿಡದ್ದಲ್ಲ, ಎಲೆಯದ್ದು. ನವೆಂಬರ್ ಬಂತೆಂದರೆ ನಮ್ಮ ಬೀದಿಯಲ್ಲಿ ಎಲೆ ಊದುವ ಯಂತ್ರಗಳ ಆರ್ಭಟ. ಮೋಟಾರನ್ನು ಬೆನ್ನಿಗೆ ಕಟ್ಟಿಕೊಂಡು ಬಿದ್ದ ಎಲೆಯನ್ನೆಲ್ಲ ರಸ್ತೆಯಂಚಿಗೆ ಊದುತ್ತಾರೆ, ಲಾರಿ ಬಂದು ಒಯ್ಯುತ್ತದೆ. ಮಾರ್ಚಿನಲ್ಲಿ ಅದೇ ಮನೆಗಳಿಗೆ ದುಡ್ಡು ಕೊಟ್ಟು ತರಿಸಿದ, ಬಣ್ಣ ಹಾಕಿದ ಮರದ ಚಕ್ಕೆ ಬರುತ್ತದೆ, ನೆಲ ಮುಚ್ಚಲು. ಅಪ್ಪಯ್ಯ ಒಂದು ಸಲ ಎಲೆ ಬೀಳುವ ಕಾಲಕ್ಕೆ ಬಂದಿದ್ದರು. ಜಗಲಿಯಲ್ಲಿ ನಿಂತು ಇದನ್ನೆಲ್ಲ ನೋಡಿ, ‘ದರಕನ್ನ ರಸ್ತೆಗೆ ಹಾಕ್ತಾರನೇ ಕೂಸೇ?’ ಎಂದರು. ಅವರಿಗೆ ನಂಬಲಾಗಲಿಲ್ಲ. ಸೊಪ್ಪಿನಬೆಟ್ಟದಲ್ಲಿ ದರಕು ಗುಡಿಸಿ, ಹೆಡಿಗೆಯಲ್ಲಿ ಹೊತ್ತು, ಕೊಟ್ಟಿಗೆಗೆ ಹಾಸಿ, ಅಲ್ಲಿಂದ ಗೊಬ್ಬರಗುಂಡಿ, ಅಲ್ಲಿಂದ ಅಡಿಕೆಮರದ ಬುಡ ಎಂಬ ದಾರಿಯಲ್ಲಿ ಬದುಕಿದವರು. ದರಕಿಗಾಗಿ ದಾಯಾದಿಗಳ ನಡುವೆ ಬೆಟ್ಟದ ಗಡಿಯ ಜಗಳ ಕಂಡವರು. ಮರುದಿನ ನಾನು ಏಳುವ ಹೊತ್ತಿಗೆ ಅಕ್ಕಪಕ್ಕದ ಎರಡು ಮನೆಯ ಎಲೆ ನಮ್ಮ ಹಿತ್ತಿಲಿಗೆ ಬಂದಿತ್ತು. ನೆರೆಯವರು ಥ್ಯಾಂಕ್ಸ್ ಹೇಳಿದರು.

ಅಪ್ಪಯ್ಯನ ಸಂಪತ್ತನ್ನು ಹಾಗೇ ಸುರಿದರೂ ಕೆಲಸ ಕೆಡುತ್ತದೆ. ಮೇಪಲ್‌ನ ಅಗಲ ಎಲೆ ಮಳೆಗೆ ಒದ್ದೆಯಾಗಿ ಪದರ ಪದರವಾಗಿ ಕೂತರೆ ಪಾರ್ಟ್ರಿಜ್‌ಬೆರಿಯಂಥ ಗಿಡ್ಡ ಬಳ್ಳಿಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ. ವಸಂತದ ಹೊತ್ತಿಗೆ ಕೊಳೆತಿರುತ್ತದೆ. ಜರಿಗೆ, ರಾಗ್‌ವರ್ಟ್‌ಗೆ ಎಷ್ಟು ಎಲೆ ಬಿದ್ದರೂ ತಲೆಯೆತ್ತುವ ತಾಕತ್ತಿದೆ. ಬಳ್ಳಿಯ ಮೇಲಿಂದ ಮಾತ್ರ ಕೈಯಲ್ಲೇ ಆಯಬೇಕು. ಕಾಡಿನಲ್ಲಿ ಗಮನಿಸಿದರೆ ಈ ಬಳ್ಳಿ ಬೆಳೆಯುವುದು ಎಲೆ ನಿಲ್ಲದ ಜಾಗಗಳಲ್ಲಿ: ಮರದ ಬುಡದ ಉಬ್ಬು, ಪಾಚಿ ಹಿಡಿದ ದಿಣ್ಣೆ, ಬಿದ್ದ ದಿಮ್ಮಿಯ ಬೆನ್ನು. ಹಿತ್ತಿಲಲ್ಲೂ ಅಂಥ ಕಡೆಯೇ ಇಟ್ಟರೆ ಆಯುವ ಕೆಲಸ ಅರ್ಧ ಉಳಿಯುತ್ತದೆ.

ಎಲೆ ಬಿಡಬೇಕೆನ್ನುವುದಕ್ಕೆ ಗೊಬ್ಬರಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಡೆಲವೇರ್ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞ ಡಗ್ಲಸ್ ಟ್ಯಾಲಮಿ 2007ರಲ್ಲಿ ಬಂದ ಪುಸ್ತಕದಿಂದ ಇಲ್ಲಿನ ಮನೆತೋಟದವರಿಗೆ ಪಾಠ ಹೇಳುತ್ತ ಬಂದಿದ್ದಾರೆ. ಚಿಕಡೀ ಎಂಬ ಅಂಗೈಯಗಲದ ಹಕ್ಕಿ ಒಂದು ಸೂಲಿನ ಮರಿಗಳನ್ನು ಸಾಕಲು ಆರರಿಂದ ಒಂಬತ್ತು ಸಾವಿರ ಕಂಬಳಿಹುಳು ಹಿಡಿದು ತರಬೇಕು ಎಂಬುದು ಅವರ ಲೆಕ್ಕ. ಆ ಹುಳುಗಳಿಗೆ ಓಕ್ ಮರವೇ ಅನ್ನಛತ್ರ. ಆದರೆ ಓಕ್ ಮೇಲೆ ಮೇದ ಹುಳುಗಳಲ್ಲಿ ಬಹುಪಾಲು ಮರದ ಮೇಲೆ ಕೋಶ ಕಟ್ಟುವುದಿಲ್ಲ. ಕೆಳಗೆ ಉದುರಿ, ಒಣಗಿದೆಲೆಯಲ್ಲೋ ಸಡಿಲ ಮಣ್ಣಿನಲ್ಲೋ ಚಳಿಗಾಲ ಕಳೆಯುತ್ತವೆ. ಬುಡದಲ್ಲಿ ಇರುವುದು ಗುಡಿಸಿ ಗಟ್ಟಿಯಾದ ಹುಲ್ಲುಹಾಸಾದರೆ ಅವು ಬಿದ್ದು ಸಾಯಬೇಕು. ಎಲೆ, ಜರಿ, ರಾಗ್‌ವರ್ಟ್ ಇದ್ದರೆ ನುಸುಳಲು ಜಾಗ. ಫೆಬ್ರವರಿಯಲ್ಲಿ ಅಲ್ಲಾಡದೆ ಬಿದ್ದಿರುವ ಈ ನೆಲದೊಳಗೆ ಮುಂದಿನ ಬೇಸಿಗೆಯ ಪತಂಗಗಳು ಕೋಶದಲ್ಲಿ ಮಲಗಿರುತ್ತವೆ. ನಾನು ತೋಟ ತೋರಿಸಲು ಕರೆದಾಗ ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಲಾರೆ. ನಂಬಬೇಕು.

ನೆಡುವ ಕಾಲದ ಬಗ್ಗೆ ಒಂದು ಮಾತು. ಅಕ್ಟೋಬರ್ ಕೊನೆಯಲ್ಲಿ ನರ್ಸರಿಗಳು ಅರ್ಧ ಬೆಲೆಗೆ ಮಾರುತ್ತವೆ, ಆಸೆಗೆ ಬೀಳಬಾರದು. ಬೇರು ಹಿಡಿಯುವ ಮೊದಲೇ ಮಣ್ಣು ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿ, ಮತ್ತೆ ಹೆಪ್ಪುಗಟ್ಟಿ ಗಿಡವನ್ನು ಬುಡಸಮೇತ ಮೇಲಕ್ಕೆ ತಳ್ಳುತ್ತದೆ. ಆಲಂರೂಟ್‌ಗೆ ಈ ಕಾಟ ಹೆಚ್ಚು. ಏಪ್ರಿಲ್ ಒಳ್ಳೆಯದು, ಸೆಪ್ಟೆಂಬರ್ ಮೊದಲ ಭಾಗವೂ ಆಗುತ್ತದೆ. ಗಿಡ ಕಾಡಿನಿಂದ ಅಗೆದು ತರಬಾರದು. ನದಿಯಾಚೆ ಪೆನ್ಸಿಲ್ವೇನಿಯಾದ ನ್ಯೂ ಹೋಪ್ ಹತ್ತಿರ ಬೋಮನ್ಸ್ ಹಿಲ್ ಎಂಬ ಕಾಡುಹೂಗಳ ವನವಿದೆ, 1934ರಲ್ಲಿ ಶುರುವಾದದ್ದು. ಅಲ್ಲೇ ಸ್ಥಳೀಯ ಗಿಡಗಳ ನರ್ಸರಿಯೂ ಇದೆ.  ವಸಂತದಲ್ಲಿ ಜನ ಅಲ್ಲಿ ಟ್ರಿಲಿಯಂ ಹೂವಿನ ಚಿತ್ರ ತೆಗೆಯುತ್ತಾರೆ. ಗಿಡದ ಪಟ್ಟಿ ಮಾಡಿಕೊಳ್ಳುವವರು ಜನವರಿಯಲ್ಲಿ ಹೋಗಬೇಕು. ಎಲೆಯುದುರುವ ಗಿಡಗಳೆಲ್ಲ ಸರಿದ ಮೇಲೆ, ಯಾವುದು ನಿಜವಾಗಿ ಹಸಿರಾಗಿ ಉಳಿಯುತ್ತದೆ, ಯಾವುದು ಕ್ಯಾಟಲಾಗಿನಲ್ಲಿ ಮಾತ್ರ ಉಳಿಯುತ್ತದೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಮನೆಯಲ್ಲಿ ಇವರಿಗೆ ಈ ತೋಟದ ಬಗ್ಗೆ ಇರುವ ದೂರು ಬೇರೆ. ಒಂದು ಕುಂಡಕ್ಕೆ ಇಷ್ಟು ಡಾಲರ್, ವರ್ಷಕ್ಕೆ ಇಷ್ಟು ಇಂಚು, ಹಿತ್ತಿಲು ಇಷ್ಟು ಅಡಿ, ಹಾಗಾದರೆ ಪೂರ್ತಿ ಮುಚ್ಚುವ ಹೊತ್ತಿಗೆ ನಮ್ಮ ವಯಸ್ಸೆಷ್ಟು ಎಂದು ಕಾಗದದಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಲೆಕ್ಕ ಸರಿಯಾಗಿಯೇ ಇದೆ. ತಳಪಾಯವೇ ತಪ್ಪು. ಕಾಡಿನಲ್ಲಿ ಎಲ್ಲೂ ಇವು ಪೂರ್ತಿ ಮುಚ್ಚುವುದಿಲ್ಲ. ಒಂದು ಜರಿ, ಪಕ್ಕದಲ್ಲಿ ಒಂದು ಮಾರು ಬರೀ ಕಂದು ಎಲೆ, ಆಮೇಲೆ ಮೊಣಕೈಯುದ್ದದ ಬಳ್ಳಿ, ಕಲ್ಲು, ಪಾಚಿ. ಕಂದು ಇದ್ದರೇ ಹಸಿರಿಗೆ ಕಳೆ. ಪೂರ್ತಿ ಹಸಿರು ಬೇಕೆನ್ನುವವರಿಗೆ ಐವಿ ಇತ್ತಲ್ಲ. ಇದನ್ನು ಇವರು ಇನ್ನೂ ಒಪ್ಪಿಲ್ಲ, ಆದರೆ ಕಾಗದ ಒಳಗಿಟ್ಟಿದ್ದಾರೆ.

ರಾಗ್‌ವರ್ಟ್ ಮಾತ್ರ ಆ ಲೆಕ್ಕವನ್ನು ಮೀರಿ ಬೆಳೆದು ಈಗ ಕಾಲುದಾರಿಗೂ ಬಂದಿದೆ. ಏಪ್ರಿಲ್‌ನಲ್ಲಿ ಅಗೆದು ಕೊಡುತ್ತಿದ್ದೇನೆ. ಎಡಿಸನ್, ಪ್ಲೇನ್ಸ್‌ಬರೋ, ಪ್ರಿನ್ಸ್‌ಟನ್ ಕಡೆಯ ಕನ್ನಡದವರು ಯಾರೇ ಆಗಲಿ, ಬರುವಾಗ ಗಟ್ಟಿ ಚೀಲ ತನ್ನಿ, ಮಣ್ಣು ಸಮೇತ ತುಂಬಿ ಕೊಡುತ್ತೇನೆ, ಜೊತೆಗೆ ಕಾಫಿಯೂ ಉಂಟು. ಜರಿ ಒಂದೆರಡು ಬುಡ ಬೇಕಾದರೂ ನೋಡೋಣ. ಪಾರ್ಟ್ರಿಜ್‌ಬೆರಿ ಮಾತ್ರ ಕೇಳಬೇಡಿ.